ಬೆಟ್ಟಕ್ಕೂ ಆಗ್ಬೇಕು, ವಿಮಾನದ ಕ್ಯಾಬಿನ್‌ಗೂ ಹಿಡೀಬೇಕು: ಬ್ಯಾಗ್ ಆರಿಸೋದು ಹೇಗೆ?

ಬ್ಯಾಗ್ ಅಂಗಡಿಗೆ ಕಾಲಿಟ್ಟ ತಕ್ಷಣ ಕೇಳೋ ಪ್ರಶ್ನೆ ಒಂದೇ, "ಎಷ್ಟು ಲೀಟರ್‌ದು ಬೇಕು ಸಾರ್?" ಅಂತ. ಟ್ರೆಕ್ಕಿಂಗ್‌ಗೂ ಆಗ್ಬೇಕು, ವಿಮಾನದಲ್ಲಿ ಕೈಯಲ್ಲೇ ತಗೊಂಡು ಹೋಗೋಕೂ ಆಗ್ಬೇಕು ಅನ್ನೋರಿಗೆ ಈ ಲೀಟರ್ ಲೆಕ್ಕ ಕೊನೆಗೆ ನೋಡ್ಬೇಕಾದ್ದು. ಯಾಕಂದ್ರೆ ಏರ್‌ಪೋರ್ಟಲ್ಲಿ ಯಾರೂ ನಿಮ್ಮ ಬ್ಯಾಗಿನ ಲೀಟರ್ ಅಳೆಯಲ್ಲ. ಅವರು ನೋಡೋದು ಎರಡೇ, ಹೊರಗಡೆಯ ಅಳತೆ ಮತ್ತೆ ತೂಕ. ಬೆಟ್ಟದ ಮೇಲೆ ನಿಮ್ಮ ಬೆನ್ನು ನೋಡೋದು ಇನ್ನೊಂದು, ಬ್ಯಾಗು ನಿಮ್ಮ ಬೆನ್ನಿನ ಉದ್ದಕ್ಕೆ ಹೊಂದತ್ತಾ, ಇಲ್ವಾ ಅಂತ. ಈ ಮೂರೂ ಸರಿ ಇದ್ರೆ ಲೀಟರ್ ತಾನಾಗೇ 30ರಿಂದ 38ರ ಮಧ್ಯೆ ಎಲ್ಲೋ ಬಂದು ನಿಲ್ಲತ್ತೆ.

ನಮ್ಮ ಚಿಕ್ಕಬಳ್ಳಾಪುರದ ಕಡೆಯವರಿಗೆ ಈ ವಿಷ್ಯ ಸ್ವಲ್ಪ ಜಾಸ್ತಿನೇ ಬೇಕಾಗಿರೋದು. ಒಂದು ಕಡೆ ನಂದಿ, ಸ್ಕಂದಗಿರಿ ಅಂತ ಬೆಟ್ಟಗಳು ಮನೆ ಬಾಗಿಲಲ್ಲೇ ಇವೆ, ಇನ್ನೊಂದು ಕಡೆ ಹೈವೇ ಹಿಡಿದ್ರೆ ದೇವನಹಳ್ಳಿ ಏರ್‌ಪೋರ್ಟು ಬೆಂಗಳೂರಿನ ಬಹಳಷ್ಟು ಏರಿಯಾದವರಿಗಿಂತ ನಮಗೇ ಬೇಗ ಸಿಗತ್ತೆ. ಹಂಗಾಗಿ ಮೊದಲು ಸ್ಕಂದಗಿರಿ ಹತ್ತಿ ಫೋಟೋ ಹಾಕಿ ಸುಮ್ನಿರ್ತಿದ್ದ ಹುಡುಗ್ರೆಲ್ಲ ಈಗ ಡೆಹ್ರಾಡೂನ್‌ಗೆ ಟಿಕೆಟ್ ಮಾಡ್ಸಿ ಕೇದಾರಕಂಠ ಅಂತಾರೆ, ಲೇಹ್ ಅಂತಾರೆ, ಕಾಠ್ಮಂಡು ಅಂತಾರೆ. ಇಂಥ ಟ್ರಿಪ್ಪಲ್ಲಿ ಚೆಕ್-ಇನ್ ಲಗೇಜು ಒಂದು ದಿನ ಲೇಟಾಗಿ ಬಂದ್ರೆ ಕಥೆ ಮುಗೀತು, ಬೇಸ್ ಕ್ಯಾಂಪಿಗೆ ಹೋಗೋ ಗಾಡಿ ಬೆಳಗ್ಗೆನೇ ಹೊರಟುಬಿಡತ್ತೆ, ನಿಮ್ಮ ಜಾಕೆಟ್ಟು ಇನ್ನೂ ದೆಹಲಿಲಿ ಇರತ್ತೆ. ಕ್ಯಾಬಿನ್ ಬ್ಯಾಗಲ್ಲೇ ಎಲ್ಲಾ ಮುಗಿಸೋಣ ಅನ್ನೋ ಆಸೆಗೆ ಏರ್‌ಪೋರ್ಟಿನ ಲಗೇಜ್ ಬೆಲ್ಟ್ ಹತ್ರ ಕಾಯೋ ಬೇಜಾರಿಗಿಂತ ಇದೇ ದೊಡ್ಡ ಕಾರಣ.

ಸರಿ, ಮೊದಲು ಅಳತೆ. ಇಂಡಿಗೋದಲ್ಲಿ ಕ್ಯಾಬಿನ್ ಬ್ಯಾಗು 55 × 35 × 25 ಸೆಂ.ಮೀ. ಒಳಗಿರ್ಬೇಕು, ತೂಕ 7 ಕೆಜಿ. ಏರ್ ಇಂಡಿಯಾದ ಇಕಾನಮಿಗೂ 7 ಕೆಜಿನೇ, ಆದ್ರೆ ಅಳತೆ 55 × 40 × 20. ಎರಡನ್ನೂ ಕೂಡಿಸಿ ನೋಡಿ, 115 ಸೆಂ.ಮೀ.ನೇ ಬರತ್ತೆ, ಆದ್ರೆ ಆಕಾರ ಬೇರೆ. ಒಂದರಲ್ಲಿ ದಪ್ಪ 25 ಬಿಡ್ತಾರೆ, ಇನ್ನೊಂದರಲ್ಲಿ 20 ಅಷ್ಟೇ. ಟ್ರೆಕ್ಕಿಂಗ್ ಬ್ಯಾಗು ಅಗಲ ಕಮ್ಮಿ, ಹೊಟ್ಟೆ ಜಾಸ್ತಿ ಇರೋ ಜಾತಿ, ಹಂಗಾಗಿ ಈ ಐದು ಸೆಂ.ಮೀ. ವ್ಯತ್ಯಾಸ ನಮಗೆ ನಿಜವಾಗ್ಲೂ ತಟ್ಟತ್ತೆ. ಎರಡೂ ಏರ್‌ಲೈನಿಗೆ ಆಗೋ ಬ್ಯಾಗ್ ಬೇಕು ಅಂದ್ರೆ 55 × 35 × 20 ಅಂತ ಮನಸ್ಸಲ್ಲಿ ಇಟ್ಕೊಳ್ಳಿ. ಟಿಕೆಟ್ ಮಾಡೋ ದಿನ ಆ ಏರ್‌ಲೈನಿನ ವೆಬ್‌ಸೈಟ್‌ನಲ್ಲಿ ಒಂದ್ಸಲ ನೋಡಿಬಿಡಿ, ಈ ರೂಲ್ಸುಗಳು ಆವಾಗಾವಾಗ ಬದಲಾಗ್ತಾನೇ ಇರ್ತವೆ.

ಈಗ ಲೀಟರ್ ಯಾಕೆ ನಂಬಬಾರದು ಅಂತ ಹೇಳ್ತೀನಿ. 55 × 35 × 25 ಗುಣಿಸಿದ್ರೆ ಸುಮಾರು 48 ಲೀಟರ್. ಆದ್ರೆ ಅದು ಚೌಕಾಕಾರದ ಪೆಟ್ಟಿಗೆ ಲೆಕ್ಕ. ಬ್ಯಾಗಿಗೆ ಮೂಲೆಗಳು ದುಂಡಗಿರ್ತವೆ, ಬೆನ್ನಿನ ಕಡೆ ಪ್ಯಾಡಿಂಗು, ಒಳಗೆ ಫ್ರೇಮು, ಹೊರಗೆ ಬೆಲ್ಟು ಬಕಲ್ಲು, ಇವೆಲ್ಲಾ ಅದೇ ಪೆಟ್ಟಿಗೆ ಒಳಗೇ ಹಿಡೀಬೇಕು. ಅದಕ್ಕೇ ನಿಜವಾದ ಕ್ಯಾಬಿನ್ ಬ್ಯಾಗು 40 ಲೀಟರ್ ಮುಟ್ಟೋದೇ ಕಷ್ಟ, ಅದೂ ಸೂಟ್‌ಕೇಸ್ ಥರ ಚೌಕಾಕಾರ ಇದ್ರೆ ಮಾತ್ರ. ಇನ್ನೊಂದು, ಬ್ಯಾಗಿನ ಕೆಪ್ಯಾಸಿಟಿ ಅಳೆಯೋಕೆ ಸ್ಟ್ಯಾಂಡರ್ಡ್ ವಿಧಾನ ಒಂದಿದೆ, ಒಳಗೆ ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನ ತುಂಬಿ, ಆಮೇಲೆ ಅವನ್ನ ಅಳತೆ ಪಾತ್ರೆಗೆ ಸುರಿದು ನೋಡೋದು. ಎಲ್ಲಾ ಕಂಪನಿಗಳೂ ಅದನ್ನೇ ಮಾಡಲ್ಲ, ಕೆಲವರು ಹೊರಗಿನ ಜಾಲರಿ ಜೇಬನ್ನೂ ಲೀಟರಿಗೆ ಸೇರಿಸ್ತಾರೆ. ಹಂಗಾಗಿ ಒಬ್ಬರ 40 ಇನ್ನೊಬ್ಬರ 36 ಆಗಿರ್ಬಹುದು.

ಟ್ಯಾಗಲ್ಲಿ ಬರೆದಿರೋ ಎತ್ತರ ಅಗಲ ಕೂಡ ಖಾಲಿ ಬ್ಯಾಗಿಂದು ಅಂತಾನೇ ಅಂದ್ಕೊಳ್ಳಿ. ತುಂಬಿದ ಮೇಲೆ ಮುಂದಿನ ಹೊಟ್ಟೆ ಉಬ್ಬತ್ತೆ, ಟಾಪ್ ಲಿಡ್ ಮೇಲಕ್ಕೆ ಏಳತ್ತೆ, ಸೈಡ್ ಜೇಬಿಗೆ ಒಂದ್ ಲೀಟರ್ ಬಾಟ್ಲಿ ಹಾಕಿದ್ರೆ ಅಗಲ ಹೋಯ್ತು, ಸೊಂಟದ ಬೆಲ್ಟು ದಪ್ಪ ಪ್ಯಾಡ್ ಇದ್ದು ಒಳಗೆ ಮಡಚೋಕೆ ಆಗ್ದೇ ಇದ್ರೆ ಅದೊಂದು ನಾಲ್ಕೈದು ಸೆಂ.ಮೀ. ತಿನ್ನತ್ತೆ. ಬ್ಯಾಗಿನ ಅಳತೆ ನೋಡೋಕೆ ಗೇಟ್ ಹತ್ರ ಇಟ್ಟಿರೋ ಆ ಲೋಹದ ಚೌಕಟ್ಟಿಗೆ ಬಟ್ಟೆ ಭಾಗ ಹೇಗೋ ಒತ್ತಿ ತುರುಕಬಹುದು, ಫ್ರೇಮಿನ ಅಲ್ಯೂಮಿನಿಯಂ ಪಟ್ಟಿನ ಒತ್ತೋಕಾಗಲ್ಲ. ಆದ್ದರಿಂದ ನೋಡ್ಬೇಕಾದ್ದು ಒಳಗಿನ ಗಟ್ಟಿ ಫ್ರೇಮಿನ ಎತ್ತರ. ಅದು 53-54 ಸೆಂ.ಮೀ. ಒಳಗಿದ್ರೆ ಮಿಕ್ಕಿದ್ದು ಹೊಂದಿಸ್ಕೋಬಹುದು. ಒಂದೇ ಮಾಡೆಲ್ಲಲ್ಲಿ ಎಸ್/ಎಮ್, ಎಮ್/ಎಲ್ ಅಂತ ಎರಡು ಸೈಜ್ ಇದ್ರೆ ದೊಡ್ಡ ಸೈಜಿನ ಅಳತೆನ ಬೇರೆಯಾಗೇ ಚೆಕ್ ಮಾಡಿ, ಚಿಕ್ಕದು ಕ್ಯಾಬಿನ್ ಸೈಜು, ದೊಡ್ಡದು ಒಂದೆರಡು ಸೆಂ.ಮೀ. ಮೀರಿರೋದು ಸಾಮಾನ್ಯ.

ಇಷ್ಟೆಲ್ಲಾ ಸೆಂಟಿಮೀಟರ್ ಹೇಳಿದ್ರೂ ನಮ್ಮ ದೇಶದ ಫ್ಲೈಟಲ್ಲಿ ಕೈ ಕಚ್ಚೋದು ತೂಕನೇ. 7 ಕೆಜಿ ಅಂದ್ರೆ ಬ್ಯಾಗಿನ ಸ್ವಂತ ತೂಕನೂ ಸೇರಿ. ದಪ್ಪ ಬಟ್ಟೆ, ಹತ್ತಾರು ಜಿಪ್ಪು, ಲ್ಯಾಪ್‌ಟಾಪ್ ಜೇಬು ಎಲ್ಲಾ ಇರೋ ಟ್ರಾವೆಲ್ ಬ್ಯಾಗು ಖಾಲಿ ಇದ್ದಾಗ್ಲೇ ಒಂದೂವರೆ ಕೆಜಿ ಮೇಲೆ ತೂಗತ್ತೆ. ಸಿಂಪಲ್ಲಾಗಿರೋ ಟ್ರೆಕ್ಕಿಂಗ್ ಬ್ಯಾಗು 900 ಗ್ರಾಂ ಆಸುಪಾಸಲ್ಲಿ ಸಿಗತ್ತೆ. ಉಳಿದ ಆರು ನೂರು ಗ್ರಾಮಲ್ಲಿ ಒಂದು ಒಳ್ಳೆ ಫ್ಲೀಸು ಮತ್ತೆ ಎರಡು ಜೊತೆ ಉಣ್ಣೆ ಸಾಕ್ಸು ಬರತ್ತೆ. ನನ್ನನ್ನ ಕೇಳಿದ್ರೆ ಖಾಲಿ ತೂಕ 1.2 ಕೆಜಿ ದಾಟಿದ ಬ್ಯಾಗನ್ನ ಈ ಕೆಲಸಕ್ಕೆ ಕೈಯಲ್ಲೂ ಎತ್ತಿ ನೋಡ್ಬೇಡಿ, ಅದೆಷ್ಟೇ ಆಫರ್ ಇರ್ಲಿ. ಇಂಡಿಗೋದಲ್ಲಿ ಇದರ ಜೊತೆಗೆ ಲ್ಯಾಪ್‌ಟಾಪ್ ಬ್ಯಾಗೋ ಹೆಂಗಸರ ಪರ್ಸೋ ಥರದ್ದು 3 ಕೆಜಿ ತನಕ ಬಿಡ್ತಾರೆ, ಅದಕ್ಕೆ ಪವರ್ ಬ್ಯಾಂಕು, ಕ್ಯಾಮೆರಾ, ಚಾರ್ಜರು ಅಂತ ಭಾರದ ಐಟಮ್ಮೆಲ್ಲಾ ಹಾಕ್ಕೊಳ್ಳಿ. ಟ್ರೆಕ್ಕಿಂಗ್ ಶೂ ಕಾಲಲ್ಲೇ ಇರ್ಲಿ, ಜಾಕೆಟ್ಟು ಮೈಮೇಲೇ ಇರ್ಲಿ, ಮೇ ತಿಂಗಳ ದೇವನಹಳ್ಳಿ ಬಿಸಿಲಲ್ಲಿ ಬೆವರು ಕಿತ್ಕೊಂಡು ಬರತ್ತೆ, ಏನ್ ಮಾಡೋದು.

ಬೆನ್ನಿನ ವಿಷ್ಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬ್ಯಾಗಿನ ಸೈಜು ಅಂದ್ರೆ ನಿಮ್ಮ ಹೈಟ್ ಅಲ್ಲ, ಬೆನ್ನಿನ ಉದ್ದ. ಆರಡಿ ಇರೋರಿಗೆ ಕಾಲೇ ಉದ್ದ ಇದ್ದು ಬೆನ್ನು ಗಿಡ್ಡ ಇರ್ಬಹುದು, ಐದೂವರೆ ಅಡಿಯವರಿಗೆ ಉಲ್ಟಾ ಇರ್ಬಹುದು. ಅಳೆಯೋದು ಹೀಗೆ: ಟೈಲರ್ ಟೇಪ್ ತಗೊಳ್ಳಿ, ಮನೇಲಿ ಇನ್ನೊಬ್ಬರನ್ನ ಕರೀರಿ. ತಲೆ ಮುಂದಕ್ಕೆ ಬಗ್ಗಿಸಿದ್ರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗತ್ತೆ, ಅದು ಮೇಲಿನ ಗುರುತು. ಆಮೇಲೆ ಎರಡೂ ಕೈ ಸೊಂಟದ ಮೇಲಿಟ್ಟು ಕೆಳಗೆ ಒತ್ತಿ, ಪಕ್ಕದ ಗಟ್ಟಿ ಮೂಳೆಯ ಅಂಚು ಸಿಗತ್ತೆ, ಹೆಬ್ಬೆರಳುಗಳನ್ನ ಹಿಂದಕ್ಕೆ ಬೆನ್ನುಮೂಳೆ ಕಡೆ ಚಾಚಿ. ಎರಡು ಹೆಬ್ಬೆರಳ ಮಧ್ಯದ ಗೆರೆ ಕೆಳಗಿನ ಗುರುತು. ಟೇಪನ್ನ ಬೆನ್ನಿನ ಬಾಗುವಿಕೆ ಜೊತೆಗೇ ಮೇಲಿಂದ ಕೆಳಗೆ ಬಿಡಿ. ಬಂದ ನಂಬರು ಬರ್ಕೊಳ್ಳಿ, ಬಹಳಷ್ಟು ಜನಕ್ಕೆ 40ರಿಂದ 50 ಸೆಂ.ಮೀ. ಒಳಗೆ ಬರತ್ತೆ.

ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂದ್ರೆ, ಬ್ಯಾಗಿನ ಭಾರದ ದೊಡ್ಡ ಪಾಲು ಸೊಂಟದ ಮೂಳೆ ಮೇಲೆ ಕೂರ್ಬೇಕು, ಭುಜದ ಮೇಲಲ್ಲ. ಭುಜದ ಪಟ್ಟಿ ಬ್ಯಾಗನ್ನ ಬೆನ್ನಿಗೆ ಅಂಟಿಸಿ ಇಡೋಕೆ ಇರೋದು. ಬ್ಯಾಗು ಗಿಡ್ಡ ಆದ್ರೆ ಸೊಂಟದ ಬೆಲ್ಟು ಹೊಟ್ಟೆ ಮೇಲೆ ಬಂದು ಕೂರತ್ತೆ, ಉಸಿರು ಹಿಡಿಯತ್ತೆ, ಭಾರವೆಲ್ಲಾ ಭುಜಕ್ಕೆ ವಾಪಸ್. ಇಲ್ಲೇ ಕ್ಯಾಬಿನ್ ಬ್ಯಾಗಿನ ಅಸಲಿ ಸಮಸ್ಯೆ ಇರೋದು: ಒಟ್ಟು ಎತ್ತರನೇ 55 ಸೆಂ.ಮೀ. ಅಂದ್ಮೇಲೆ ಬೆನ್ನಿನ ಉದ್ದ 50ರ ಹತ್ರ ಇರೋರಿಗೆ ಹೊಂದಿಸೋಕೆ ಜಾಗನೇ ಉಳಿಯಲ್ಲ. ಭುಜದ ಪಟ್ಟಿ ಮೇಲಿಂದ ಬ್ಯಾಗಿನ ತುದಿಗೆ ಹೋಗೋ ಒಂದು ಸಣ್ಣ ಪಟ್ಟಿ ಇರತ್ತೆ, ಲೋಡ್ ಲಿಫ್ಟರ್ ಅಂತಾರೆ, ಅದನ್ನ ಎಳೆದ್ರೆ ಬ್ಯಾಗಿನ ತಲೆ ನಿಮ್ಮ ಕಡೆ ವಾಲತ್ತೆ. ಅದು ಭುಜದಿಂದ ಮೇಲಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ ಹೋದ್ರೆ ಮಾತ್ರ ಕೆಲಸ ಮಾಡೋದು. ಉದ್ದ ಬೆನ್ನಿನವರು ಕ್ಯಾಬಿನ್ ಬ್ಯಾಗು ಹಾಕ್ಕೊಂಡ್ರೆ ಬ್ಯಾಗಿನ ತುದಿ ಭುಜದ ಮಟ್ಟಕ್ಕೇ ನಿಂತುಬಿಡತ್ತೆ, ಆ ಪಟ್ಟಿ ಇದ್ದೂ ಇಲ್ಲದಂಗೆ. ಅಂಥವರು ಲೋಡ್ ಲಿಫ್ಟರ್ ಇದೆ ಅಂತ ಸೇಲ್ಸ್‌ಮ್ಯಾನ್ ಹೇಳೋದಕ್ಕೆ ದುಡ್ಡು ಜಾಸ್ತಿ ಕೊಡ್ಬೇಡಿ, ಭುಜದ ಪಟ್ಟಿನ ಮೇಲೆ ಕೆಳಗೆ ಸರಿಸೋಕೆ ಆಗೋ ಬ್ಯಾಗ್ ಹುಡುಕಿ. ಹೆಣ್ಣುಮಕ್ಕಳಿಗೆ ಅಂತ ಮಾಡಿರೋ ಬ್ಯಾಗು ಬರೀ ಬಣ್ಣದ ಆಟ ಅಂದ್ಕೋಬೇಡಿ, ಒಳ್ಳೆ ಕಂಪನಿಯದ್ದಾದ್ರೆ ಬೆನ್ನು ಗಿಡ್ಡ, ಭುಜದ ಪಟ್ಟಿಯ ವಂಕಿ ಬೇರೆ, ಸೊಂಟದ ಬೆಲ್ಟಿನ ಓರೆ ಬೇರೆ ಇರತ್ತೆ. ಬೆನ್ನು ಗಿಡ್ಡ ಇರೋ ಗಂಡಸರಿಗೂ ಅದು ಚೆನ್ನಾಗಿ ಕೂರತ್ತೆ, ನಾಚ್ಕೊಳ್ಳೋದೇನಿಲ್ಲ.

ಹಾಗಾದ್ರೆ ಫ್ರೇಮ್ ಎಷ್ಟು ಗಟ್ಟಿ ಇರ್ಬೇಕು? ಲೆಕ್ಕ ಹಾಕಿ. ಕ್ಯಾಬಿನ್‌ಗೆ 7 ಕೆಜಿ, ಇಳಿದ ಮೇಲೆ ಮೂರು ಲೀಟರ್ ನೀರು ಅಂದ್ರೆ ಮೂರು ಕೆಜಿ, ಜೊತೆಗೆ ಒಂದಷ್ಟು ತಿನ್ನೋದು, ಒಟ್ಟು 10 ಕೆಜಿ ಚಿಲ್ಲರೆ. ಈ ಭಾರಕ್ಕೆ ಬೆನ್ನ ಹಿಂದೆ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಮಧ್ಯೆ ಒಂದು ಅಲ್ಯೂಮಿನಿಯಂ ಪಟ್ಟಿ ಇದ್ರೆ ಸಾಕೇ ಸಾಕು. ಬೆನ್ನಿಂದ ದೂರ ಬಿಲ್ಲಿನ ಥರ ಬಾಗಿ ಜಾಲರಿ ಕಟ್ಟಿರೋ ಬ್ಯಾಗು ಸಿಗತ್ತಲ್ಲ, ಗಾಳಿ ಆಡತ್ತೆ ಅಂತ ಎಲ್ಲರೂ ಅದಕ್ಕೇ ಬೀಳ್ತಾರೆ, ನಮ್ಮ ಕಡೆ ಸೆಖೆಗೆ ಹಾಯಾಗಿರೋದೂ ನಿಜ. ಆದ್ರೆ ಆ ಬಾಗಿರೋ ಜಾಗ ಪೂರ್ತಿ ದಂಡ, 25 ಸೆಂ.ಮೀ. ದಪ್ಪದಲ್ಲಿ ಕೆಲವು ಸೆಂ.ಮೀ. ಗಾಳಿಗೇ ಕೊಟ್ಟಂಗೆ, ಮೇಲಾಗಿ ಭಾರ ಬೆನ್ನಿಂದ ಆಚೆ ಹೋಗತ್ತೆ.

ಭಾರ ಆಚೆ ಹೋದ್ರೆ ಏನಾಗತ್ತೆ ಅಂತ ನೋಡ್ಬೇಕಾದ್ರೆ ತುಮಕೂರು ಜಿಲ್ಲೆಯ ಮಧುಗಿರಿಗೆ ಹೋಗಿ. ಮೇಲ್ಮೇಲಿನ ಭಾಗದಲ್ಲಿ ಬರೀ ನುಣುಪು ಬಂಡೆ, ಕಾಲಿಡೋಕೆ ಕಲ್ಲಲ್ಲೇ ಕೊರೆದ ಸಣ್ಣ ಗುಂಡಿಗಳು, ಹಿಡ್ಕೊಳ್ಳೋಕೆ ಕಂಬಿ. ಅಲ್ಲಿ ಮೈ ಮುಂದಕ್ಕೆ ಬಗ್ಗಿಸಿ ಹತ್ತುವಾಗ ಬ್ಯಾಗಿನ ಭಾರ ಬೆನ್ನಿಗೆ ಅಂಟಿದ್ರೆ ಗೊತ್ತೇ ಆಗಲ್ಲ, ಬ್ಯಾಗಿನ ಹೊರಗಡೆ ಜೇಬಲ್ಲಿ ನೀರಿನ ಬಾಟ್ಲಿ ತುಂಬಿದ್ರೆ ಯಾರೋ ಹಿಂದಿಂದ ಕಾಲರ್ ಹಿಡಿದು ಎಳೀತಾ ಇದ್ದಂಗೆ ಆಗತ್ತೆ. ಅದಕ್ಕೇ ತುಂಬುವಾಗ ಭಾರದ್ದು ಬೆನ್ನಿಗೆ ಒತ್ತಿದಂಗೆ, ಬೆನ್ನಿನ ಮಧ್ಯ ಭಾಗಕ್ಕೆ ಬರ್ಬೇಕು, ಸ್ಲೀಪಿಂಗ್ ಬ್ಯಾಗು ಬಟ್ಟೆ ಥರ ಹಗುರದ್ದು ಕೆಳಗೆ ಮತ್ತೆ ಹೊರಗಡೆಗೆ. ಇಳಿಯುವಾಗ ಎದೆ ಪಟ್ಟಿ ಹಾಕ್ಕೊಳ್ಳಿ, ಬ್ಯಾಗು ಪಕ್ಕಕ್ಕೆ ಓಲಾಡಲ್ಲ.

ಬ್ಯಾಗಿನ ಬಾಯಿ ಎಲ್ಲಿರ್ಬೇಕು ಅನ್ನೋದು ರುಚಿ ವಿಷ್ಯ. ಸೂಟ್‌ಕೇಸ್ ಥರ ಪೂರ್ತಿ ತೆರೆದುಕೊಳ್ಳೋದು ಹೋಟ್ಲಲ್ಲಿ, ಸೆಕ್ಯೂರಿಟಿಲಿ ಅನುಕೂಲ, ಆದ್ರೆ ಆ ಉದ್ದ ಜಿಪ್ಪು ಹೋದ್ರೆ ಬ್ಯಾಗೇ ಹೋದಂಗೆ, ತೂಕನೂ ಜಾಸ್ತಿ. ಮೇಲಿಂದ ಸುತ್ತಿ ಕಟ್ಟೋ ರೋಲ್-ಟಾಪ್ ನನಗೆ ಇಷ್ಟ, ಕ್ಯಾಬಿನ್‌ಗೆ ಮೂರು ಸುತ್ತು ಸುತ್ತಿ ಗಿಡ್ಡ ಮಾಡಿ, ಇಳಿದ ಮೇಲೆ ಬಿಚ್ಚಿ ಉದ್ದ ಮಾಡ್ಕೋಬಹುದು. ಪಕ್ಕದಲ್ಲಿ ಬಿಗಿಯೋ ಪಟ್ಟಿಗಳು ಇರ್ಲೇಬೇಕು, ಅವಿಲ್ದೇ ದಪ್ಪ ಕಂಟ್ರೋಲ್ ಆಗಲ್ಲ. ಬಟ್ಟೆ ಬಗ್ಗೆ ಜಾಸ್ತಿ ಹೇಳಲ್ಲ, 210 ಡೆನಿಯರ್ (ನೂಲು ಎಷ್ಟು ದಪ್ಪ ಅನ್ನೋ ಅಳತೆ) ರಿಪ್‌ಸ್ಟಾಪ್ ನೈಲಾನ್, ಅಂದ್ರೆ ಹರಿದ್ರೂ ಮುಂದಕ್ಕೆ ಹಬ್ಬದಂಗೆ ನೇಯ್ದಿರೋ ಬಟ್ಟೆ, ಹಾದಿ ನಡೆಯೋಕೆ ಸಾಕು, ಆದ್ರೆ ಕೋಲಾರದ ಅಂತರಗಂಗೆಲಿ ಬಂಡೆಗಳ ಸಂದೀಲಿ ನುಸುಳೋ ಚಟ ಇದ್ರೆ ತಳದಲ್ಲಾದ್ರೂ 420 ಇರ್ಲಿ, ಆ ಕಲ್ಲು ಉಪ್ಪುಕಾಗದದ ಥರ ತಿನ್ನತ್ತೆ. ಮಳೆಗೆ ರೇನ್ ಕವರ್ ಒಂದನ್ನೇ ನಂಬ್ಕೋಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯತ್ತೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಅದರೊಳಗೆ ಬಟ್ಟೆ ತುಂಬಿದ್ರೆ ಸ್ಕಂದಗಿರಿ ಮಂಜೇ ಇರ್ಲಿ ಹಿಮಾಲಯದ ಮಳೆನೇ ಇರ್ಲಿ ಒಣಗಿರತ್ತೆ.

ಬ್ಯಾಗ್ ಸರಿ ಇದ್ರೂ ಒಳಗಿರೋ ಸಾಮಾನಿಂದ ಸೆಕ್ಯೂರಿಟಿಲಿ ಸಿಕ್ಕಿಹಾಕ್ಕೋಬಹುದು, ಅದನ್ನೂ ಲೆಕ್ಕಕ್ಕೆ ತಗೊಂಡೇ ಕ್ಯಾಬಿನ್ ಪ್ಲಾನ್ ಮಾಡ್ಬೇಕು. ಚಾಕು, ಮಲ್ಟಿಟೂಲು, ಮಂಜಲ್ಲಿ ನಡೆಯೋಕೆ ಶೂಗೆ ಹಾಕೋ ಮುಳ್ಳು, ಇವು ಕ್ಯಾಬಿನ್‌ಗೆ ಇಲ್ಲ. ಟ್ರೆಕ್ಕಿಂಗ್ ಕೋಲನ್ನೂ ಚೂಪು ತುದಿ ಅಂತ ತಡೀತಾರೆ, ಅದಕ್ಕೇ ಕೋಲು, ಮುಳ್ಳು ಎಲ್ಲಾ ಅಲ್ಲೇ ಬೇಸ್ ಊರಲ್ಲಿ ಬಾಡಿಗೆಗೆ ತಗೊಳ್ಳೋದು ಜಾಣತನ. ಗ್ಯಾಸ್ ಕ್ಯಾನಿಸ್ಟರ್ ಕ್ಯಾಬಿನ್‌ಗೂ ಇಲ್ಲ, ಚೆಕ್-ಇನ್‌ಗೂ ಇಲ್ಲ, ಲೈಟರ್ ಬೆಂಕಿಪೊಟ್ಟಣದ ಕಥೆನೂ ನಮ್ಮ ದೇಶದಲ್ಲಿ ಅದೇ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಕ್ಯಾಬಿನ್‌ನಲ್ಲೇ ಇರ್ಬೇಕು, 100 ವ್ಯಾಟ್-ಅವರ್ ತನಕ ಕೇಳದೇನೇ ಬಿಡ್ತಾರೆ. 20,000 ಎಂಎಎಚ್ ಅಂದ್ರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್, ಹಂಗಾಗಿ ತೊಂದರೆ ಇಲ್ಲ. ಇನ್ನು ನಮ್ಮವರ ವಿಶೇಷ: ಅಮ್ಮ ಕಟ್ಟಿಕೊಟ್ಟ ಖಾರದ ಪುಡಿ ಡಬ್ಬಿ ಕೈಲಗೇಜಲ್ಲಿ ನಿಲ್ಲಿಸ್ತಾರೆ. ತಿಪಟೂರಿನ ಒಣಕೊಬ್ಬರಿ ಗಿಟುಕು ಇಟ್ಕೊಂಡು ಬಂದ್ರೆ ಅದಕ್ಕೂ ತಕರಾರು, ಯಾಕಂದ್ರೆ ಕೊಬ್ಬರಿಲಿ ಎಣ್ಣೆ ಅಂಶ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ಸಾಮಾನಿನ ಪಟ್ಟಿಲಿ ಅದನ್ನ ಸೇರಿಸಿದ್ದಾರೆ. ಟ್ರೆಕ್ಕಿಗೆ ಶಕ್ತಿ ಬರತ್ತೆ ಅಂತ ಕೊಬ್ಬರಿ ಬೆಲ್ಲ ಕಟ್ಕೊಳ್ಳೋರು ಕಡಲೆಬೀಜದ ಚಿಕ್ಕಿ ತಗೊಂಡು ಹೋಗಿ.

ಇನ್ನೊಂದು ಪರಿಸ್ಥಿತಿ: ಅಳತೆ ತೂಕ ಎಲ್ಲಾ ಸರಿ ಇದ್ದು, ವಿಮಾನ ಫುಲ್ ಆಗಿ ಮೇಲೆ ಜಾಗ ಇಲ್ಲ ಅಂತ ಗೇಟಲ್ಲೇ ಬ್ಯಾಗ್ ಇಸ್ಕೊಂಡುಬಿಡ್ತಾರೆ. ಸಣ್ಣ ಊರುಗಳಿಗೆ ಹೋಗೋ ರೆಕ್ಕೆ-ಫ್ಯಾನಿನ ಎಟಿಆರ್ ವಿಮಾನದಲ್ಲಂತೂ ಮೇಲಿನ ಗೂಡೇ ಚಿಕ್ಕದು. ಆಗ ಪವರ್ ಬ್ಯಾಂಕು, ಔಷಧಿ, ಐಡಿ ಕಾರ್ಡು ಕೈಗೆ ತಗೊಂಡು, ನೇತಾಡೋ ಪಟ್ಟಿಗಳನ್ನೆಲ್ಲಾ ಒಳಗೆ ತುರುಕಿ, ರೇನ್ ಕವರನ್ನ ಪಟ್ಟಿಗಳ ಕಡೆಗೆ ತಿರುಗಿಸಿ ಹಾಕಿ ಕೊಡಿ. ಹಂಗೇ ನೇತಾಡೋಕೆ ಬಿಟ್ರೆ ಬೆಲ್ಟಿನ ಬಕಲ್ಲು ಕನ್ವೇಯರಲ್ಲಿ ಸಿಕ್ಕಾಕ್ಕೊಂಡು ಮುರಿಯತ್ತೆ. ಸೊಂಟದ ಬೆಲ್ಟನ್ನ ಬಿಚ್ಚಿ ತೆಗೆಯೋಕೆ ಅಥವಾ ಹಿಂದೆ ಮುಚ್ಚಿಡೋಕೆ ಆಗೋ ಬ್ಯಾಗು ಇಲ್ಲೂ ಉಪಯೋಗಕ್ಕೆ ಬರತ್ತೆ.

ಹೊರದೇಶಕ್ಕೆ ಹೋದ್ರೆ ಲೆಕ್ಕ ಬೇರೆ. ಸಿಂಗಾಪುರ್ ಏರ್‌ಲೈನ್ಸ್ ಇಕಾನಮಿಗೂ 7 ಕೆಜಿ, ಒಟ್ಟು 115 ಸೆಂ.ಮೀ. ಅಮೆರಿಕದ ದೊಡ್ಡ ಕಂಪನಿಗಳು 22 × 14 × 9 ಇಂಚು ಅಂತಾರೆ, ಅಂದ್ರೆ ಸುಮಾರು 56 × 36 × 23 ಸೆಂ.ಮೀ., ತೂಕದ ಕಾಟ ಅಲ್ಲಿ ಕಮ್ಮಿ. ಯುರೋಪಿನ ಅಗ್ಗದ ಫ್ಲೈಟಲ್ಲಿ ಮಾತ್ರ ಹುಷಾರು, ರಯಾನ್‌ಏರ್‌ನಲ್ಲಿ ಫ್ರೀಯಾಗಿ ಬಿಡೋದು 40 × 30 × 20, ಅದು 24 ಲೀಟರ್ ಡಬ್ಬ ಅಷ್ಟೇ, ನಮ್ಮ ಬ್ಯಾಗು ಅಲ್ಲಿ ದುಡ್ಡು ಕಟ್ಟಿದ್ರೇನೇ ಒಳಗೆ. ನೇಪಾಳದ ಲುಕ್ಲಾ ಥರದ ಜಾಗಕ್ಕೆ ಹೋಗೋ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಚೆಕ್-ಇನ್, ಕೈಲಗೇಜು ಎರಡೂ ಸೇರಿ 15 ಕೆಜಿ, ಹಂಗಾಗಿ ಹಗುರ ಬ್ಯಾಗಿನ ಅಭ್ಯಾಸ ಇದ್ದೋರಿಗೆ ಅಲ್ಲಿ ಚಿಂತೆ ಇಲ್ಲ.

ಕೊಳ್ಳೋ ಮುಂಚೆ ಮಾಡ್ಬೇಕಾದ ಟೆಸ್ಟು ಸುಲಭ. ಅಂಗಡಿಲಿ ಸುಮ್ನೆ ಖಾಲಿ ಬ್ಯಾಗ್ ಹಾಕ್ಕೊಂಡು ಕನ್ನಡಿ ನೋಡಿದ್ರೆ ಏನೂ ಗೊತ್ತಾಗಲ್ಲ, ಭಾರ ಹಾಕ್ಸಿ ನೋಡಿ. ಆನ್‌ಲೈನಲ್ಲಿ ತಗೊಂಡ್ರೆ ಟ್ಯಾಗ್ ಕೀಳದೇ, ಐದು ಕೆಜಿ ರಾಗಿ ಪ್ಯಾಕೆಟ್ಟನ್ನ ಬೆಡ್‌ಶೀಟಲ್ಲಿ ಸುತ್ತಿ ಮಧ್ಯಕ್ಕೆ ಬರೋ ಹಂಗೆ ಇಟ್ಟು, ಸುತ್ತ ಬಟ್ಟೆ ತುಂಬಿ, ಮನೆ ಮೆಟ್ಟಿಲು ಅರ್ಧ ಗಂಟೆ ಹತ್ತಿ ಇಳೀರಿ. ಮೊದಲು ಸೊಂಟದ ಬೆಲ್ಟು ಮೂಳೆ ಮೇಲೆ ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆದು, ಕೊನೆಗೆ ಎದೆ ಪಟ್ಟಿ. ಭುಜದ ಪಟ್ಟಿ ಕೆಳಗೆ ಒಂದು ಬೆರಳು ಸಲೀಸಾಗಿ ತೂರಿದ್ರೆ ಭಾರ ಸೊಂಟಕ್ಕೆ ಇಳಿದಿದೆ ಅಂತ. ಆಮೇಲೆ ಅದೇ ತುಂಬಿದ ಬ್ಯಾಗನ್ನ ಗೋಡೆಗೆ ಒರಗಿಸಿ ಟೇಪ್ ಹಿಡೀರಿ, ಉಬ್ಬಿರೋ ಜಾಗದಲ್ಲೇ ಅಳೀರಿ. ಮನೇಲಿ ಲಗೇಜ್ ಸ್ಕೇಲ್ ಇಲ್ಲ ಅಂದ್ರೆ ಬೀದಿ ಕೊನೆ ಅಂಗಡಿಯವರ ತೂಕದ ಮಷಿನ್ ಇದ್ದೇ ಇದೆ, ಬೇಡ ಅನ್ನಲ್ಲ ಅವರು.

ಹೊರಡುವಾಗ 7 ಕೆಜಿ ತುಂಬಿಸ್ಕೊಂಡು ಹೋಗ್ಬೇಡಿ, ಆರೂಕಾಲು ಆರೂವರೆಗೆ ನಿಲ್ಸಿ. ವಾಪಸ್ ಬರುವಾಗ ಒದ್ದೆ ಬಟ್ಟೆ, ಕೆಸರು ಮೆತ್ತಿದ ಪ್ಯಾಂಟು, ಅತ್ತಿಗೆ ಹೇಳಿದ್ರು ಅಂತ ತಗೊಂಡ ಶಾಲು ಎಲ್ಲಾ ಸೇರಿ ಅರ್ಧ ಕೆಜಿ ಏರಿರತ್ತೆ, ಡೆಹ್ರಾಡೂನ್ ಕೌಂಟರಲ್ಲಿ ಇರೋ ಮಷಿನ್ನು ಬೆಂಗಳೂರಿನಷ್ಟೇ ಸರಿಯಾಗಿ ತೂಗತ್ತೆ.